ಸಣ್ಣತ್ತೆ ಬಣ್ಣ ಕಟ್ಟುತ್ತಿದ್ದ ಹಿತ್ತಲು

ಹಿತ್ತಲಿನ ಒಲೆಯ ಮೇಲೆ ಬಣ್ಣದ ಹಂಡೆ ಏರಿದ ದಿನ ಅಜ್ಜಿ ಮೊದಲು ನನ್ನನ್ನು ಕೂಗುತ್ತಿದ್ದಳು. ನಾನು ಸ್ಕೂಲಿಗೆ ಹೊರಟಿದ್ದರೂ ಸರಿ, ಅರ್ಧ ತಲೆ ಬಾಚಿಕೊಂಡು ಕೂತಿದ್ದರೂ ಸರಿ, ಎದ್ದು ಹೋಗಿ ಒಂದು ಹಿಡಿ ನೂಲನ್ನು ಹಂಡೆಯೊಳಕ್ಕೆ ಇಳಿಬಿಟ್ಟು ಬರಬೇಕಿತ್ತು. ನೀರು ಆಗ ಉಗುರುಬೆಚ್ಚಗಿರುತ್ತಿತ್ತು. ಕೈ ತೆಗೆದ ಮೇಲೆ ಮಿಕ್ಕದ್ದೆಲ್ಲ ಸಣ್ಣತ್ತೆಯ ಕೆಲಸ. ಜಾಲಿ ತೊಗಟೆ ಕಡಿದು ತಂದವಳು ಅವಳು, ಕುಟ್ಟಿದವಳು ಅವಳು, ನೀರು ಹೊತ್ತವಳು ಅವಳು. ಸಂಜೆಯವರೆಗೂ ಹೊಗೆಯಲ್ಲಿ ನಿಂತು ಕೋಲಿನಿಂದ ನೂಲನ್ನು ತಿರುವಿ ಹಾಕುವವಳೂ ಅವಳೇ. ಆದರೂ ಮೊದಲ ಹಿಡಿ ಮಾತ್ರ ಅವಳ ಕೈಯಿಂದ ಬೀಳಬಾರದು. ಬಿದ್ದರೆ ಬಣ್ಣ ಹಿಡಿಯುವುದಿಲ್ಲ ಎಂದು ಅಜ್ಜಿ ನಂಬಿದ್ದಳು. ನನ್ನ ಕೈಯನ್ನು ಅಜ್ಜಿ ನಂಬಿದ್ದಕ್ಕೂ ಒಂದು ಕಾರಣವಿತ್ತು. ನಾನು ಹುಟ್ಟಿದ ವರ್ಷ ನಮ್ಮ ಕುರಿಗಳು ಸಾಲಾಗಿ ಅವಳಿ ಮರಿ ಹಾಕಿದವಂತೆ. ಆ ಮಾತನ್ನು ಅವಳು ಮನೆಗೆ ಬಂದ ನೆಂಟರಿಗೆಲ್ಲ ಹೇಳುತ್ತಿದ್ದಳು. ಸಣ್ಣತ್ತೆ ಗಂಡನ ಮನೆ ಬಿಟ್ಟು ಬಂದ ವರ್ಷ ಮಂದೆಯ ಟಗರು ಸತ್ತಿತ್ತು. ಅದನ್ನೂ ಹೇಳುತ್ತಿದ್ದಳು, ಸಣ್ಣತ್ತೆಗೆ ಕೇಳಿಸುವ ಹಾಗೆ.

ನಮ್ಮೂರು ಕಿಕ್ಕೇರಿಯಲ್ಲಿ ಬಸ್ಸು ಇಳಿದು ಒಳಕ್ಕೆ ನಡೆಯುವ ಊರು. ಸುತ್ತ ಕಬ್ಬು, ಭತ್ತದ ಗದ್ದೆಗಳಿದ್ದವು. ಊರ ತುದಿಯ ಕುರುಚಲು ದಿಣ್ಣೆಯ ಬದಿಗೆ ನಮ್ಮ ಮನೆ. ಮುಂದೆ ಜಗುಲಿ, ಅದನ್ನು ದಾಟಿದರೆ ಮಗ್ಗದ ಕೋಣೆ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು ಅಪ್ಪ ಕಂಬಳಿ ನೇಯುತ್ತಿದ್ದ. ಆ ಕೋಣೆಯಲ್ಲಿ ಯಾವಾಗಲೂ ಹುಣಸೆಬೀಜದ ಗಂಜಿಯ ವಾಸನೆ. ನೂಲು ಗಟ್ಟಿಯಾಗಲೆಂದು ಆ ಗಂಜಿಯನ್ನು ಮಗ್ಗದ ಹಾಸಿನ ಎಳೆಗಳಿಗೆ ಬಳಿಯುತ್ತಿದ್ದರು. ಅಡುಗೆಮನೆಯ ಪಕ್ಕದ ಮೂಲೆಯಲ್ಲಿ ದೇವರು, ದೇವರ ಕೆಳಗೆ ಮಡಿಸಿಟ್ಟ ಕರಿಕಂಬಳಿ. ಮದುವೆಯಿರಲಿ, ನ್ಯಾಯ ಪಂಚಾಯ್ತಿಯಿರಲಿ, ದೇವರು ಕೂರಿಸುವುದಿರಲಿ, ಮೊದಲು ಆ ಕಂಬಳಿ ಹಾಸಬೇಕು. ಕಂಬಳಿಗೆ ಮೈಲಿಗೆಯಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಅದನ್ನು ನೂತ ಹೆಂಗಸರು ಮಾತ್ರ ತಿಂಗಳಿಗೊಮ್ಮೆ ಹಿತ್ತಲಿನ ಚಪ್ಪರದ ಕೆಳಗೆ ಕೂರುತ್ತಿದ್ದರು. ಹಿತ್ತಲಿನಾಚೆ ಬೇಲಿ ಕಟ್ಟಿದ ಕುರಿರೊಪ್ಪ, ಅದರ ಯಜಮಾನ ಚಿಕ್ಕಪ್ಪ. ಮಳವಳ್ಳಿ ಕಡೆಯ ಬಂಡೂರು ಕುರಿ ಮಾಂಸಕ್ಕೆ ಹೆಸರಾದದ್ದು, ಅದರ ಮೈಮೇಲೆ ಉಣ್ಣೆ ಕಡಿಮೆ. ನಮ್ಮವು ಉದ್ದ ಕಾಲಿನ ನಾಟಿ ಕುರಿಗಳು. ಕಪ್ಪು, ಕಂದು, ಅಲ್ಲೊಂದು ಇಲ್ಲೊಂದು ಬಿಳಿ. ಒರಟು ಉಣ್ಣೆ, ಆದರೆ ಮಳೆ ತಡೆಯುವ ಉಣ್ಣೆ.

ಸಣ್ಣತ್ತೆ ಎಂದರೆ ಅಪ್ಪನ ತಂಗಿ, ಹೆಸರು ದೇವೀರಮ್ಮ. ನಾಗಮಂಗಲದ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ತಂದುಕೊಂಡ. ಒಂದೇ ಮನೆಯಲ್ಲಿ ಇಬ್ಬರೂ ಇರಿ ಎಂದ. ಸ್ವಲ್ಪ ದಿನ ಇದ್ದು ನೋಡಿ ಇವಳು ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಬಂದುಬಿಟ್ಟಳು. ಆಗ ನಾನು ಇನ್ನೂ ಚಿಕ್ಕವಳು. ನನಗೆ ನೆನಪಿರುವಾಗಿನಿಂದ ಅವಳು ನಮ್ಮ ಮನೆಯಲ್ಲೇ ಇದ್ದಳು, ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ. ಮುದ್ದೆಗೆ ಉಪ್ಸಾರಿನ ಖಾರ ಹೆಚ್ಚಾಗಿ ನನ್ನ ಕಣ್ಣಲ್ಲಿ ನೀರು ಬಂದರೆ ತನ್ನ ತಟ್ಟೆಯ ಬೆಣ್ಣೆಯನ್ನು ಸದ್ದಿಲ್ಲದೆ ನನ್ನ ತಟ್ಟೆಗೆ ಸರಿಸುವವಳು ಅವಳು. ಅವಳ ಅಂಗೈಯಿಂದ ಮೊಣಕೈವರೆಗೂ ಕಂದು ಬಣ್ಣ. ಉಗುರಿನ ಸುತ್ತ ಕಪ್ಪು. ಊರಿನ ಮದುವೆಗಳಲ್ಲಿ ಅವಳನ್ನು ಬಡಿಸಲು ಕರೆಯುತ್ತಿರಲಿಲ್ಲ. ಕೈ ಹಾಗಿದೆ ಎಂಬುದು ಬಾಯಿಮಾತಿನ ಕಾರಣ. ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು, ಅವಳಿಗೂ.

ಮೊದಲೆಲ್ಲ ನಮ್ಮ ಮನೆಯಲ್ಲಿ ಬಣ್ಣ ಎಂದರೆ ಮದುವೆ ಕಂಬಳಿಯ ಕೆಂಪು ಅಂಚು ಮಾತ್ರ. ಮಿಕ್ಕದ್ದು ಕುರಿಯ ಮೈಬಣ್ಣವೇ. ಅಪ್ಪ ಕಂಬಳಿ ಹೊತ್ತು ಪಾಂಡವಪುರದ ಸಂತೆಗೆ ಹೋಗುತ್ತಿದ್ದ. ಅಲ್ಲಿ ಮಿಲ್ಲಿನ ರಗ್ಗುಗಳು ಬಂದು ರಾಶಿ ಬಿದ್ದ ಮೇಲೆ ಹೊತ್ತ ಕಂಬಳಿಯನ್ನು ಹಾಗೇ ವಾಪಸು ಹೊತ್ತು ತರುತ್ತಿದ್ದ. ಅಂಥ ಒಂದು ದಿನ ಸಂತೆಯಲ್ಲೇ ಅವನಿಗೆ ಶ್ರೀರಂಗಪಟ್ಟಣದ ಸಾಹೇಬರು ಸಿಕ್ಕಿದ್ದು. ಅವರದು ಕೋಟೆ ನೋಡಲು ಬರುವವರಿಗೆ ಸಾಮಾನು ಮಾರುವ ಅಂಗಡಿ. ಒಂದು ವಾರ ಬಿಟ್ಟು ಅವರೇ ನಮ್ಮ ಮನೆಗೆ ಬಂದರು. ಜಗುಲಿಯ ಮೇಲೆ ಕೂತು ಮದುವೆ ಕಂಬಳಿಯ ಅಂಚನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದರು.

"ಈ ಲಾಲ್ ಯಾರು ಹಾಕಿದ್ದು?"

"ನಮ್ ತಂಗಿ. ನಮ್ಮವ್ವ ಏಳ್ಕೊಟ್ಟಿದ್ದು," ಎಂದ ಅಪ್ಪ.

"ಇಂಥ ಬಣ್ಣದಲ್ಲೇ ಪೂರಾ ಶಾಲು ಮಾಡಿ ಕೊಡಿ. ಮರಿ ಉಣ್ಣೆ ಆಗಬೇಕು, ಚುಚ್ಚಬಾರದು. ಅಂಗಡಿ ಬಣ್ಣ ಬೇಡ, ಗಿಡದ್ದೇ ಆಗಬೇಕು. ನಮ್ಮ ಗಿರಾಕಿಗಳು ಮೂಸಿ ನೋಡ್ತಾರೆ."

ಅಲ್ಲಿಂದ ಮುಂದಿನ ಕೆಲವು ವರ್ಷ ನಮ್ಮ ಮನೆಯ ಒಳ್ಳೆಯ ಕಾಲ. ಚಿಕ್ಕಪ್ಪ ಬಿಳಿ ಮರಿಗಳನ್ನು ಬೇರೆ ಮಾಡಿ, ಹೊಳೆಯಲ್ಲಿ ಮೈ ತೊಳೆದು, ಒಣಗಿದ ಮೇಲೆ ಕತ್ತರಿಸುತ್ತಿದ್ದ. ಅವ್ವ ರಾಟೆಯಲ್ಲಿ ನೂಲುತ್ತಿದ್ದಳು. ಸಣ್ಣತ್ತೆ ಹಿತ್ತಲನ್ನು ತನ್ನದಾಗಿ ಮಾಡಿಕೊಂಡಳು. ಕಬ್ಬಿಣದ ಚೂರು, ಎತ್ತಿನ ಹಳೇ ಲಾಳಗಳನ್ನು ಬೆಲ್ಲದ ನೀರಿನಲ್ಲಿ ಹಾಕಿ ಮಡಕೆಯ ಬಾಯಿ ಕಟ್ಟಿಡುತ್ತಿದ್ದಳು. ಅದು ಹುಳಿತು ನಾರುವಾಗ ನಾವೆಲ್ಲ ಮೂಗು ಮುಚ್ಚಿ ಓಡಿದರೆ ಅವಳು ಬಗ್ಗಿ ವಾಸನೆ ನೋಡಿ ತಲೆಯಾಡಿಸುತ್ತಿದ್ದಳು. ಜಾಲಿ ತೊಗಟೆಯ ಕಷಾಯದಲ್ಲಿ ಕುದಿಸಿದ ಕಂದು ನೂಲನ್ನು ಆ ನೀರಿನಲ್ಲಿ ಅದ್ದಿದರೆ ನೋಡನೋಡುತ್ತ ಕಪ್ಪಾಗುತ್ತಿತ್ತು. ಬೇಸಿಗೆಯ ಬಾಯಲ್ಲಿ ಮುತ್ತುಗದ ಹೂ ಆರಿಸಲು ನನ್ನನ್ನು ಕರೆದುಕೊಂಡು ದಿಣ್ಣೆ ಹತ್ತುತ್ತಿದ್ದಳು. ಆ ಹೂವಿನ ಹಳದಿ ಬಿಸಿಲಲ್ಲಿ ಒಣಗುವಾಗ ಒಂದು, ನೆರಳಲ್ಲಿ ಒಣಗುವಾಗ ಇನ್ನೊಂದು. ನಾಟಿ ಔಷಧಿ ಮಾರುವ ಗ್ರಂಥಿಗೆ ಅಂಗಡಿಯಿಂದ ತಂದ ಮಂಜಿಷ್ಠದ ಬೇರಿನಿಂದ ಕೆಂಪು ಬರುತ್ತಿತ್ತು. ನೂಲು ಹಿಂಡುವಾಗ ಅವಳು ತನ್ನಷ್ಟಕ್ಕೇ ಏನೋ ಗುನುಗುತ್ತಿದ್ದಳು. ಮನೆಯೊಳಗೆ ಬಂದರೆ ಅದು ನಿಂತುಹೋಗುತ್ತಿತ್ತು.

ಒಮ್ಮೆ ನಾನೇ ಕೇಳಿದೆ.

"ಸಣ್ಣತ್ತೆ, ಮೊದಲ ಇಡಿ ನೀನೇ ಯಾಕೆ ಹಾಕಲ್ಲ?"

"ನಿಮ್ಮಜ್ಜಿ ಬೈತಾಳೆ."

"ಅಜ್ಜಿ ಇಲ್ದಾಗ?"

ಅವಳು ಕೋಲು ತಿರುವುತ್ತಲೇ ನಕ್ಕಳು. "ಅಜ್ಜಿ ಇಲ್ದಾಗ ಹಾಕಿವ್ನಿ ಕಣವ್ವ. ಬಣ್ಣ ಅಂಗೇ ಇಡೀತು. ನೀನು ಯಾರ ತಾವೂ ಏಳ್ಬೇಡ."

ನಾನು ಹೇಳಲಿಲ್ಲ. ನನಗೆ ಅದು ಒಂದು ತಮಾಷೆಯ ಗುಟ್ಟಾಗಿತ್ತು. ಅವಳಿಗೆ ಅದು ಎಷ್ಟು ದೊಡ್ಡದಾಗಿತ್ತು ಎಂದು ತಿಳಿಯುವ ವಯಸ್ಸು ನನ್ನದಲ್ಲ.

ಕುರಿಗಳಿಗೆ ರೋಗ ಬಂದದ್ದು ಮಳೆ ಹಿಡಿದು ಕೂತ ಒಂದು ವರ್ಷ. ಹಗಲೂ ರಾತ್ರಿ ಜಿಟಿಜಿಟಿ. ರೊಪ್ಪದ ನೆಲ ಕೆಸರಾಗಿ, ಗುಂಗುರುಗಳು ಮೋಡದ ಹಾಗೆ ಏಳುತ್ತಿದ್ದವು. ಮೊದಲು ಒಂದು ಕರಿ ಕುರಿ ಮೇವು ಬಿಟ್ಟಿತು. ಅದರ ಮೂತಿ ಊದಿಕೊಂಡು, ಮೂಗಿನಲ್ಲಿ ಸಿಂಬಳ ಕಟ್ಟಿ, ಬಾಯಿ ತೆರೆದರೆ ನಾಲಿಗೆ ನೀಲಿಯಾಗಿತ್ತು. ಆಮೇಲೆ ಕುಂಟುತ್ತ ಕುಂಟುತ್ತ ಒಂದೊಂದೇ ಮೂಲೆ ಹಿಡಿದವು. ಕಿಕ್ಕೇರಿಯಿಂದ ಪಶುವೈದ್ಯರನ್ನು ಚಿಕ್ಕಪ್ಪ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಂದ. ಇದು ಗುಂಗುರು ಕಚ್ಚಿ ಹರಡುವ ಕಾಯಿಲೆ, ಬಂದ ಮೇಲೆ ಇದಕ್ಕೆಂದೇ ಔಷಧಿಯಿಲ್ಲ, ಬಾಯಿ ತೊಳೆದು ಗಂಜಿ ಕುಡಿಸಿ, ಹೊಗೆ ಹಾಕಿ, ಬದುಕುವುದು ಬದುಕುತ್ತದೆ ಎಂದರು. ಅಜ್ಜಿ ತಲೆಯಾಡಿಸಿ ಕೇಳಿಸಿಕೊಂಡಳು. ಅವರು ಹೋದ ಮೇಲೆ ಹೇಳಿದಳು:

"ಗುಂಗುರು ಓದ್ವರ್ಸ ಇರ್ಲಿಲ್ವಾ?"

ಸಣ್ಣತ್ತೆ ಆಗಲೇ ರೊಪ್ಪದೊಳಗಿದ್ದಳು. ರಾಗಿ ಗಂಜಿಯನ್ನು ಬಿದಿರಿನ ಗೊಟ್ಟಕ್ಕೆ ತುಂಬಿ, ಕುರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹುಣ್ಣಾದ ಬಾಯೊಳಗೆ ನಿಧಾನವಾಗಿ ಹುಯ್ಯುತ್ತಿದ್ದಳು. ಅಜ್ಜಿ ಬೇಲಿಯ ಹತ್ತಿರ ನಿಂತು ಅವಳನ್ನು ಹೊರಗೆ ಕರೆದಳು. ಮಾರನೆಯ ಬೆಳಿಗ್ಗೆಯಿಂದ ನನ್ನನ್ನು ಒಳಗೆ ಬಿಟ್ಟಳು. ಸ್ನಾನ ಮಾಡಿಸಿ, ಹಣೆಗೆ ಭಂಡಾರ ಹಚ್ಚಿ, ಒಂದೊಂದು ಕುರಿಯ ತಲೆಯ ಮೇಲೂ ಕೈ ಇಟ್ಟು ಬಾ ಎಂದಳು.

ಆ ತಲೆಗಳ ಬಿಸಿ ಈಗಲೂ ನನ್ನ ಅಂಗೈಗೆ ಗೊತ್ತು. ನಾನು ಹೆಸರಿಟ್ಟು ಕರೆಯುತ್ತಿದ್ದ ಕುರಿಗಳಿದ್ದವು. ನಾನು ಕೈ ಇಟ್ಟಾಗ ಕಣ್ಣು ತೆರೆದು ನೋಡಿದವು ಕೆಲವು. ನನ್ನ ಕೈಯಲ್ಲಿ ಏನೋ ಇದೆ ಎಂದು ನಾನು ಆವರೆಗೂ ನಂಬಿದ್ದೆ. ನಂಬದೆ ಏನು ಮಾಡಲಿ, ಹುಟ್ಟಿದಾಗಿನಿಂದ ಅದನ್ನೇ ಕೇಳಿದ್ದೆ. ಪ್ರತಿ ತಲೆಯ ಮೇಲೂ ಕಣ್ಣು ಮುಚ್ಚಿ ಕೈ ಒತ್ತಿದೆ. ಸಂಜೆ ಸ್ಕೂಲಿನಿಂದ ಬರುವಷ್ಟರಲ್ಲಿ ಚಿಕ್ಕಪ್ಪ ಗುಂಡಿ ತೋಡುತ್ತಿರುತ್ತಿದ್ದ. ಮತ್ತೆ ಬೆಳಿಗ್ಗೆ ಸ್ನಾನ, ಭಂಡಾರ, ಕೈ. ಮತ್ತೆ ಸಂಜೆ ಗುಂಡಿ. ಮಂದೆ ಅರ್ಧಕ್ಕೆ ಇಳಿದ ಮೇಲೆ ಅಜ್ಜಿ ನನ್ನನ್ನು ಕರೆಯುವುದನ್ನು ಬಿಟ್ಟಳು. ಯಾಕೆ ಬಿಟ್ಟಳೆಂದು ಹೇಳಲಿಲ್ಲ. ನನ್ನ ಕಾಲ್ಗುಣದ ಬಗ್ಗೆ ಒಂದು ಮಾತೂ ಬರಲಿಲ್ಲ. ರಾಗಿ ಬೀಸುವ ಕಲ್ಲಿನ ಹತ್ತಿರ ಕೂತು ನಾನು ಅದಕ್ಕಾಗಿ ಕಾಯುತ್ತಿದ್ದೆ, ಈಗ ಬೈಯುತ್ತಾಳೆ, ಈಗ ಬೈಯುತ್ತಾಳೆ ಎಂದು. ಬೈಗುಳ ಬಂತು, ಆದರೆ ಅದು ನನ್ನನ್ನು ದಾಟಿ ಹಿತ್ತಲಿಗೆ ಹೋಯಿತು.

"ಇವ್ಳು ಬಾಯ್ ತೊಳ್ದ ಕುರಿ ಒಂದಾರಾ ಉಳೀತಾ? ಏಳು ನೋಡಾನ."

ಚಿಕ್ಕಪ್ಪ ಗಂಜಿಯ ಗೊಟ್ಟವನ್ನು ಎತ್ತಿ ಬೇಲಿಯಾಚೆ ಎಸೆದ. ಅಪ್ಪ ಮಗ್ಗದ ಗುಂಡಿಗೆ ಇಳಿದ. ಅಪ್ಪನ ಅಭ್ಯಾಸವೇ ಅದು, ಮನೆಯಲ್ಲಿ ದನಿ ಏರಿದರೆ ಅವನು ಗುಂಡಿಗೆ ಇಳಿದುಬಿಡುತ್ತಿದ್ದ, ಆಮೇಲೆ ಮಗ್ಗದ ಸದ್ದು ಮಾತ್ರ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಳು. ಸಣ್ಣತ್ತೆಯೂ ಮುಟ್ಟಿದ್ದಳು, ನಾನೂ ಮುಟ್ಟಿದ್ದೆ. ಇಬ್ಬರು ಮುಟ್ಟಿದ ಕುರಿಗಳೂ ಒಂದೇ ಗುಂಡಿಗೆ ಹೋಗಿದ್ದವು. ದೊಡ್ಡವರ ಮಾತಿನ ಮೇಲೆ ನನಗಿದ್ದ ನಂಬಿಕೆ ಒಡೆದ ಜಾಗ ಅದೇ ಎಂದು ಈಗ ಅನ್ನಿಸುತ್ತದೆ. ಆವತ್ತು ಅಷ್ಟೆಲ್ಲ ಹೊಳೆಯಲಿಲ್ಲ. ಊಟ ಸೇರಲಿಲ್ಲ, ಅಷ್ಟೇ.

ಮಳೆ ನಿಂತು ಅವರೆ ಹೂ ಬಿಡುವ ಹೊತ್ತಿಗೆ ನಾಗಮಂಗಲದ ಕಡೆಯಿಂದ ಇಬ್ಬರು ಬಂದರು. ಒಬ್ಬ ಸಣ್ಣತ್ತೆಯ ಗಂಡ, ಇನ್ನೊಬ್ಬ ಅವನ ಅಣ್ಣ. ಜಗುಲಿಯ ಮೇಲೆ ಅಪ್ಪನೇ ಕಂಬಳಿ ಹಾಸಿದ. ಗಂಡನ ತಲೆ ಬೋಳಾಗಿತ್ತು. ಎರಡನೆಯ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಗಂಡು ಮಗು ಉಳಿದಿತ್ತು. ಅಪ್ಪನ ಹೆಸರು ಹಿಡಿದು ಮಾತೆಲ್ಲ ಅಣ್ಣನೇ ಆಡಿದ.

"ಎಮ್ಮೆ ಹಾಲು ಕುಡ್ಸಿ ಕುಡ್ಸಿ ಒಟ್ಟೆ ಕೆಟ್ಟೋಗೈತೆ. ನಮ್ಮವ್ವಂಗೆ ಕಣ್ಣು ಸರಿಯಾಗಿ ಕಾಣಕ್ಕಿಲ್ಲ. ದೇವೀರಮ್ಮನ್ನ ಕಳ್ಸಿಕೊಡು ಕೆಂಪಯ್ಯ."

"ಬ್ಯಾಡ ಅಂತ ಬುಟ್ಟೋಳು ಈಗ ಬೇಕಾದ್ಲಾ?" ಎಂದ ಅಪ್ಪ.

"ಬುಟ್ಟಿರ್ಲಿಲ್ಲ. ಅವ್ಳೇ ಬಂದ್ಬುಟ್ಳು. ಆದದ್ದು ಆಗೋಯ್ತು. ನಮ್ ಮಖ ನೋಡ್ಬೇಡ, ಕೂಸಿನ್ ಮಖ ನೋಡು."

ಅಪ್ಪ ಕಂಬಳಿಯ ಅಂಚಿನ ಎಳೆ ಕೀಳುತ್ತ ಕೂತ. ಅಜ್ಜಿ ಎದ್ದು ಹಿತ್ತಲಿಗೆ ಬಂದಳು, ಹಿಂದೆಯೇ ನಾನೂ ಬಂದೆ. ಸಣ್ಣತ್ತೆಗೆ ಎಲ್ಲ ಕೇಳಿಸಿತ್ತು. ಅವಳು ಕಂದು ನೂಲಿನ ಹಂಡೆಯಿಂದ ಕಣ್ಣು ತೆಗೆಯಲಿಲ್ಲ.

"ಕೈ ತೊಳ್ಕೊಂಡು ಬಾ," ಎಂದಳು ಅಜ್ಜಿ.

"ನಾ ಓಗಕಿಲ್ಲ ಅವ್ವ."

"ಯಾಕೆ?"

"ಇಲ್ಲಿ ದುಡೀತೀನಿ, ಉಣ್ತೀನಿ. ನೀನು ಬೈದ್ರೂ ನೀನು ನಮ್ಮವ್ವ. ಅಲ್ಲೇನೈತೆ ನಂಗೆ?"

ಅಜ್ಜಿಯ ದನಿ ಬೇರೆಯಾಯಿತು. ಅಷ್ಟು ಮೆತ್ತಗೆ ಅವಳು ಮಗಳ ಜೊತೆ ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

"ಕೂಸೈತೆ ಕಣೇ ದೇವೀರಿ. ಅದ್ಕೇ ಅಲ್ವಾ ನೀನು ಕಂಡ್ ಕಂಡ್ ದೇವ್ರಿಗೆ ಅರಕೆ ಒತ್ಕೊಂಡು ತಿರುಗಿದ್ದು."

ಸಣ್ಣತ್ತೆಯ ಕೈಯಲ್ಲಿ ಕೋಲು ನಿಂತಿತು. ಅವಳು ಅಳಲಿಲ್ಲ. ಹಂಡೆಯ ಪಕ್ಕದಲ್ಲಿ ಕೂತು ಬೂದಿ, ಹುಣಸೆಹಣ್ಣು ತೆಗೆದುಕೊಂಡು ಕೈ ಉಜ್ಜತೊಡಗಿದಳು. ಎಷ್ಟು ಉಜ್ಜಿದರೂ ಬಣ್ಣ ಹೋಗಲಿಲ್ಲ. ಹಾಗೆಯೇ ಸೀರೆ ಬದಲಾಯಿಸಿಕೊಂಡು, ಪೆಟ್ಟಿಗೆ ಹಿಡಿದುಕೊಂಡು, ನನ್ನ ಗಲ್ಲ ಸವರಿ ಹೊರಟುಹೋದಳು. ಹಂಡೆಯಲ್ಲಿ ಉಳಿದ ನೂಲನ್ನು ಅವ್ವನೂ ನಾನೂ ಎತ್ತಿ ಬೇಲಿಯ ಮೇಲೆ ಹರವಿದೆವು. ಅವ್ವ ನೂಲಿನಿಂದ ಸೋರುವ ನೀರನ್ನೇ ನೋಡುತ್ತ, "ಕೇಳಿದ್ರಾ ಅವಳ್ನ ಯಾರಾದ್ರೂವೆ," ಎಂದಳು. ನನಗೆ ಹೇಳಿದ್ದಲ್ಲ ಅದು.

ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನು ಸಣ್ಣತ್ತೆಯ ಊರಿಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಅಪ್ಪನ ತೊಡೆಯ ಮೇಲೆ ಒಂದು ಗಂಟು ಮರಿ ಉಣ್ಣೆಯ ನೂಲು. ಅವಳೇ ಹೇಳಿ ಕಳಿಸಿದ್ದಳು. ಸಣ್ಣತ್ತೆ ಬಾಗಿಲಿಗೆ ಬಂದಾಗ ನನಗೆ ಮೊದಲು ಕಂಡದ್ದು ಅವಳ ಕೈ. ಬಣ್ಣ ಪೂರಾ ಬಿಟ್ಟುಹೋಗಿತ್ತು. ಬೆಳ್ಳಗಿನ ಆ ಕೈ ಯಾರದೋ ಅನ್ನಿಸಿತು. ಸೊಂಟದ ಮೇಲೆ ಮಗು. ಅದಕ್ಕೆ ಅವಳು ತಾನೇ ಹೆಣೆದ ಒಂದು ಕುಲಾವಿ ಹಾಕಿದ್ದಳು, ಮುತ್ತುಗದ ಹೂವಿನ ಹಳದಿ. ನಮ್ಮ ಮನೆಯಿಂದ ಹೊರಡುವಾಗ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ ನೂಲಿನದಂತೆ ಅದು. ಮಗು ಅವಳ ಕಿವಿಯೋಲೆ ಹಿಡಿದು ಎಳೆಯುತ್ತಿತ್ತು, ಅವಳು ಎಳೆಸಿಕೊಳ್ಳುತ್ತಿದ್ದಳು. ಅವಳು ನಮ್ಮ ಮನೆಯೊಳಗೆ ಎಂದೂ ಗುನುಗಿದವಳಲ್ಲ, ಇಲ್ಲಿ ನಡುಮನೆಯಲ್ಲೇ ಗುನುಗುತ್ತಿದ್ದಳು. ಅವಳ ಅತ್ತೆ ಮೂಲೆಯಲ್ಲಿ ಕೂತು ಏನೇನೋ ಗೊಣಗುತ್ತಿದ್ದಳು. ಸಣ್ಣತ್ತೆಗೆ ಅದು ಕೇಳಿಸುತ್ತಲೇ ಇರಲಿಲ್ಲವೇನೋ.

"ಬಾ ಎತ್ಕೋ, ನಿನ್ ತಮ್ಮ," ಎಂದು ಮಗುವನ್ನು ನನ್ನ ಕೈಗೆ ಕೊಟ್ಟಳು. "ನಿನ್ ಕೈ ಒಳ್ಳೇದು."

ಅವಳು ಆ ಮಾತನ್ನು ಪ್ರೀತಿಯಿಂದಲೇ ಆಡಿದ್ದು. ರೊಪ್ಪದ ಕುರಿಗಳ ನೆನಪಾಗಿ, ಮಗುವಿನ ತಲೆಗೆ ಅಂಗೈ ತಾಗದ ಹಾಗೆ ತೋಳಿನಲ್ಲಿ ಎತ್ತಿಕೊಂಡೆ. ಅದು ನನ್ನ ಮುಖ ನೋಡಿ ನಕ್ಕಿತು. ನಾನು ಬೇಗನೆ ವಾಪಸು ಕೊಟ್ಟುಬಿಟ್ಟೆ.

ಮತ್ತೆ ಮಳೆ ಶುರುವಾದ ಮೇಲೆ ಆ ಮಗುವಿಗೆ ವಾಂತಿ ಭೇದಿ ಆಯಿತು. ನಾಗಮಂಗಲದ ಆಸ್ಪತ್ರೆಗೆ ಹೋಗಬೇಕೆಂದು ಸಣ್ಣತ್ತೆ ಹಟ ಹಿಡಿದಳಂತೆ. ಗಂಡ ಊರಲ್ಲಿರಲಿಲ್ಲ, ಅವನ ಅಣ್ಣ ನಾಳೆ ನೋಡೋಣ ಎಂದನಂತೆ. ಅವಳೊಬ್ಬಳೇ ಮಗುವನ್ನು ಹೊತ್ತು ಟಾರು ರಸ್ತೆಯವರೆಗೆ ನಡೆದಳು. ಬಸ್ಸು ಬರುವ ಮೊದಲೇ ಅದು ಅವಳ ಮಡಿಲಲ್ಲಿ ತಣ್ಣಗಾಯಿತು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು, ಅದೂ ಚೂರುಚೂರಾಗಿ. ಆ ಮನೆಯವರು ಹೇಳಿದ್ದೇ ಬೇರೆ. ಬಂಜೆ ಕೈಯಲ್ಲಿ ಕೂಸು ಬದುಕುತ್ತದೆಯೇ ಎಂದರು. ಕುಲಾವಿಗೆ ಹಾಕಿದ ಬಣ್ಣದಲ್ಲಿ ವಿಷವಿತ್ತು, ಮಗು ಅದರ ದಾರ ಚೀಪುತ್ತಿತ್ತು ಎಂದರು. ಸವತಿಯ ಮಗುವಿಗೆ ಮಾಟ ಮಾಡಿಸಿದ್ದಾಳೆ ಎಂದವರೂ ಇದ್ದರು. ಕುಲಾವಿಯನ್ನು ಒಲೆಗೆ ಹಾಕಿದರು. ಅದನ್ನು ತೆಗೆಯಲು ಅವಳು ಒಲೆಗೆ ಕೈ ಹಾಕಿದಾಗ ಗಂಡನ ಅಣ್ಣ ಸೌದೆಯಿಂದ ಹೊಡೆದ. ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು.

ಅವಳು ನಮ್ಮ ಮನೆಗೆ ಬಂದದ್ದು ಮಧ್ಯಾಹ್ನ. ಭಾನುವಾರ ಇರಬೇಕು, ನಾನು ಮನೆಯಲ್ಲಿದ್ದೆ. ಕಾಲಲ್ಲಿ ಚಪ್ಪಲಿಯಿಲ್ಲ, ಪೆಟ್ಟಿಗೆಯಿಲ್ಲ. ಬಲಗೈಯನ್ನು ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡಿದ್ದಳು, ಬೆರಳುಗಳು ಊದಿ ನೀಲಿಯಾಗಿದ್ದವು. ಜಗುಲಿಯ ಕೆಳಗೆ ಬಂದು ನಿಂತಳು, ಮೇಲೆ ಹತ್ತಲಿಲ್ಲ. ಅಜ್ಜಿ ಹೊಸ್ತಿಲ ಮೇಲೆ ಕೂತು ಬೀಜಕ್ಕೆ ಇಟ್ಟಿದ್ದ ಒಣ ಅವರೆಕಾಯಿ ಬಿಡಿಸುತ್ತಿದ್ದವಳು ತಲೆಯೆತ್ತಿದಳು. ಕೂಸು ಸತ್ತ ಸುದ್ದಿ ಹಿಂದಿನ ದಿನವೇ ಮುಟ್ಟಿತ್ತು.

"ಅಲ್ಲೇ ನಿಲ್ಲು," ಎಂದಳು ಅಜ್ಜಿ. "ಕೂಸು ತಿಂದು ಬಂದಿದೀಯ. ಮನೇಲಿ ಎಳೆ ಮಕ್ಕಳವ್ರೆ."

ಎಳೆ ಮಗು ಎಂದರೆ ನಾನೇ. ಅಪ್ಪ ಮಗ್ಗದ ಗುಂಡಿಯಿಂದ ಏಳಲು ಹೋಗಿ ಅರ್ಧದಲ್ಲಿ ನಿಂತ. ಆಗ ಅಡುಗೆಮನೆಯಿಂದ ಅವ್ವ ಬಂದಳು. ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ಎದುರು ಮಾತಾಡದವಳು ನನ್ನ ರಟ್ಟೆ ಹಿಡಿದು ಎಳೆದು ಅಜ್ಜಿಯ ಮುಂದೆ ನಿಲ್ಲಿಸಿದಳು.

"ಸತ್ತ ಕುರೀಗೆಲ್ಲ ಇವ್ಳೂ ಕೈ ಇಟ್ಟಿದ್ಲು. ನೀವೇ ಇಡ್ಸಿದ್ರಿ. ಅಂಗಾರೆ ಇವಳ್ನೂ ಆಚ್ಗೆ ಆಕಿ."

ಮೊರದಲ್ಲಿ ಅಜ್ಜಿಯ ಕೈ ನಿಂತಿತು. ಅವ್ವ ಮೆಟ್ಟಿಲಿಳಿದು ಸಣ್ಣತ್ತೆಯ ಎಡಗೈ ಹಿಡಿದು, ಅಜ್ಜಿಯ ಪಕ್ಕದಲ್ಲೇ ಹೊಸ್ತಿಲು ದಾಟಿಸಿ ಒಳಗೆ ಕರೆದುಕೊಂಡು ಹೋದಳು. ಅಜ್ಜಿ ತನ್ನ ಸೀರೆಯ ನೆರಿಗೆಯನ್ನು ಸ್ವಲ್ಪ ಸರಿಸಿ ದಾರಿ ಬಿಟ್ಟಳು. ಆಮೇಲೆ ಬಹಳ ಹೊತ್ತು ಕಾಳು ಬಿಡಿಸುತ್ತಲೇ ಇದ್ದಳು. ಸಿಪ್ಪೆಯನ್ನು ಮೊರಕ್ಕೆ, ಕಾಳನ್ನು ನೆಲಕ್ಕೆ ಹಾಕುತ್ತಿದ್ದಾಳೆಂದು ನಾನು ನೋಡಿದೆ, ಹೇಳಲಿಲ್ಲ.

ಪಕ್ಕದೂರಿನ ಮೂಳೆ ಕಟ್ಟುವವರು ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಕೈ ಕೂಡಿತು, ಆದರೆ ಓರೆಯಾಗಿ. ಮುಷ್ಟಿ ಬಿಗಿಯಲು ಬರುತ್ತಿರಲಿಲ್ಲ. ಅಪ್ಪ, ಚಿಕ್ಕಪ್ಪ ಆ ಊರಿಗೆ ಹೋಗಿ ಪಂಚಾಯ್ತಿ ಸೇರಿಸಿದರು. ಯಜಮಾನರು ಕಂಬಳಿ ಹಾಸಿ ಕೂತು, ಮಗ ಕಳಕೊಂಡ ಮನೆ ಅದು, ಸಿಟ್ಟಿನಲ್ಲಿ ಕೈ ಎತ್ತಿದ್ದಾರೆ, ಎರಡೂ ಕಡೆ ನೋವಾಗಿದೆ, ಇಲ್ಲಿಗೆ ಬಿಡಿ ಎಂದರು. ಅಪ್ಪ ಬಿಟ್ಟು ಬಂದ. ಶ್ರೀರಂಗಪಟ್ಟಣದ ಸಾಹೇಬರು ಬಂದಾಗ ಸಣ್ಣತ್ತೆ ಕೈಯನ್ನು ಸೆರಗಿನೊಳಗೆ ಮರೆಮಾಡಿಕೊಂಡು ನಿಂತಳು. ಅವರು ನೋಡಿಯೂ ನೋಡದವರಂತೆ, "ಜಲ್ದಿ ಏನಿಲ್ಲಮ್ಮ, ಆರಾಮಾಗಿ ಮಾಡಿ," ಎಂದು ಹೇಳಿ ಚಹಾ ಕುಡಿದು ಹೋದರು. ಆಮೇಲೊಮ್ಮೆ ಬಂದರು, ಆಮೇಲೆ ಬರಲಿಲ್ಲ. ಅವ್ವ ಎರಡು ಸಲ ಹಂಡೆ ಇಟ್ಟು ನೋಡಿದಳು. ಮೊದಲ ಹಿಡಿ ಹಾಕಲು ನನ್ನನ್ನು ಯಾರೂ ಕರೆಯಲಿಲ್ಲ. ಕಪ್ಪು ಬೂದಿಯಂತಾಯಿತು, ಕೆಂಪು ಇಟ್ಟಿಗೆ ಪುಡಿಯಂತಾಯಿತು. ಎಲ್ಲಿ ತಪ್ಪಿತು ಎಂದು ಕೇಳಿದರೆ ಸಣ್ಣತ್ತೆ, "ನಂಗೂ ಮರ್ತೋಯ್ತು ಅತ್ತಿಗೆ," ಎನ್ನುತ್ತಿದ್ದಳು. ಮರೆತಿರಲಿಲ್ಲ ಎಂದು ನನಗೆ ಗೊತ್ತು. ಹಂಡೆಯ ಹತ್ತಿರಕ್ಕೇ ಅವಳು ಬರುತ್ತಿರಲಿಲ್ಲ. ಚಿಕ್ಕಪ್ಪ ಉಳಿದ ನಾಟಿ ಕುರಿಗಳನ್ನು ಮಾರಿ, ಮಾಂಸಕ್ಕೆ ಬೆಲೆಯಿದೆ ಎಂದು ಬಂಡೂರು ಕುರಿ ತಂದು ಕಟ್ಟಿದ. ಮನೆಯಲ್ಲಿದ್ದ ಉಣ್ಣೆ ಮುಗಿಯುವವರೆಗೆ ಅಪ್ಪ ನೇಯ್ದ. ಅಜ್ಜಿ ಸಣ್ಣತ್ತೆಗೆ ಬೈಯುವುದನ್ನು ಬಿಟ್ಟಿದ್ದಳು. ಆದರೆ ಅವಳ ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟಿದ್ದಳು.

ನಾನು ದೊಡ್ಡವಳಾದದ್ದು ಅದಾದ ಮುಂದಿನ ವರ್ಷ. ಸೋದರಮಾವ ಹಸಿರು ಸೊಪ್ಪಿನ ಗುಡಿಸಲು ಹಾಕಿದ. ಒಸಗೆಯ ದಿನ ಮನೆ ತುಂಬ ಹೆಂಗಸರು. ನಡುಮನೆಯಲ್ಲಿ ಕಂಬಳಿ ಹಾಸಿ, ಅದರ ಮೇಲೆ ಅಕ್ಕಿಯಲ್ಲಿ ಹಸೆ ಬರೆದು ನನ್ನನ್ನು ಕೂರಿಸಿದರು. ಒಬ್ಬೊಬ್ಬರೇ ಬಂದು ಅರಿಸಿನ ಹಚ್ಚಿ ಆರತಿ ಎತ್ತುತ್ತಿದ್ದರು. ನಾನು ಅಷ್ಟೂ ಮುಖಗಳ ನಡುವೆ ಹುಡುಕಿದೆ. ಸಣ್ಣತ್ತೆ ಇರಲಿಲ್ಲ. ಇದು ಅಜ್ಜಿಯ ಕೆಲಸವೆಂದು ನನಗೆ ಸಿಟ್ಟು ಬಂತು. ಎಲ್ಲರ ಮುಂದೆ ಜೋರಾಗಿಯೇ ಹೇಳಿದೆ:

"ಸಣ್ಣತ್ತೇನೂ ಅರಿಸ್ನ ಅಚ್ಬೇಕು. ಅವ್ಳು ಬರಗಂಟ ನಾನು ಆರತಿ ತಕ್ಕಳಕಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಅಜ್ಜಿಯ ಜೊತೆ ಜಗಳಕ್ಕೆ ಸಿದ್ಧಳಾಗಿ ಕೂತಿದ್ದೆ. ಗೋಡೆಗೊರಗಿ ಕೂತಿದ್ದ ಅಜ್ಜಿ ನನ್ನನ್ನು ನೋಡದೆ ಹೇಳಿದಳು:

"ನಾನೇ ಕರ್ದೆ. ಅವ್ಳೇ ಒಲ್ಲೆ ಅಂದ್ಲು."

ಹಸೆಯಿಂದ ಏಳಬಾರದು ಎಂದು ಯಾರೋ ಕೂಗಿದರು. ನಾನು ಎದ್ದೆ. ಮಗ್ಗದ ಕೋಣೆಯ ಬಾಗಿಲು ಒರಗಿಸಿತ್ತು, ತಳ್ಳಿದೆ. ಸಣ್ಣತ್ತೆ ಮಗ್ಗದ ಹಿಂದಿನ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ನನ್ನ ಗೆಜ್ಜೆಯ ಸದ್ದು ಕೇಳಿದ ಕೂಡಲೇ ಸೆರಗನ್ನು ತಲೆಯ ಮೇಲಿಂದ ಮುಖದವರೆಗೂ ಎಳೆದುಕೊಂಡಳು.

"ಇಲ್ಲಿಗ್ಯಾಕ್ ಬಂದೆ ಕೂಸೇ? ಓಗು. ಅರಿಸ್ನದ್ ಮೈಲಿ ನನ್ ಮುಂದೆ ನಿಂತ್ಕಬೇಡ."

"ನಿಂಗೇನೂ ಆಗಿಲ್ಲ ಸಣ್ಣತ್ತೆ. ನೀನೇ ಏಳಿದ್ದೆ, ಅಜ್ಜಿ ಇಲ್ದಾಗ ನೀನೇ ಮೊದಲ ಇಡಿ ಹಾಕಿದ್ದೆ, ಬಣ್ಣ ಇಡೀತು ಅಂತ."

"ನೂಲು ಬ್ಯಾರೆ, ನೀನು ಬ್ಯಾರೆ ಕಣವ್ವ." ಅವಳ ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿರಲಿಲ್ಲ. ಒಲೆಗೆ ಸೌದೆ ಸಾಲದು ಎನ್ನುವಷ್ಟು ಸಾದಾ ದನಿ. "ಆ ಕೂಸು ನನ್ ಮಡ್ಲಲ್ಲೇ ಓಯ್ತು. ನಾನು ಕಂಡಿವ್ನಿ. ನನ್ ನೆಳ್ಳು ನಿನ್ ಮ್ಯಾಲೆ ಬೀಳಬಾರ್ದು."

ಈ ಮಾತನ್ನು ಅಜ್ಜಿ ಆಡಿದ್ದರೆ ನನ್ನ ಬಳಿ ಉತ್ತರವಿತ್ತು. ಎಷ್ಟೋ ದಿನದಿಂದ ಜೋಡಿಸಿಟ್ಟುಕೊಂಡಿದ್ದೆ. ಕುರಿಗಳ ಮಾತು, ಗುಂಗುರಿನ ಮಾತು, ಆಸ್ಪತ್ರೆಗೆ ಕಳಿಸದ ಆ ಅಣ್ಣನ ಮಾತು. ಸಣ್ಣತ್ತೆಯ ಮುಂದೆ ಅವುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಹತ್ತಿರ ಹೋಗಿ ಅವಳ ಓರೆಯಾದ ಕೈಯನ್ನು ಹಿಡಿಯಲು ನೋಡಿದೆ. ಅವಳು ಅದನ್ನು ಮಡಿಲೊಳಗೆ ಎಳೆದುಕೊಂಡಳು. ಮಗ್ಗದ ಗುಂಡಿಯ ಅಂಚಿನಲ್ಲಿ, ಹೊಸ ಸೀರೆ ಧೂಳಾಗುವುದನ್ನೂ ನೋಡದೆ, ನಾನು ಕೂತುಬಿಟ್ಟೆ. ಹೊರಗೆ ಆರತಿ ತಟ್ಟೆ ಹಿಡಿದವರು ಹಾಡು ನಿಲ್ಲಿಸಿದ್ದರು. ಅವ್ವ ಬಂದು ನನ್ನ ಭುಜ ಮುಟ್ಟುವವರೆಗೂ ನಾನು ಅಲ್ಲೇ ಇದ್ದೆ. ಅಷ್ಟು ಹೊತ್ತೂ ಸಣ್ಣತ್ತೆ ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.